ಹೊರಗೋಡೆಗೆ ಗ್ರಾನೈಟ್ ಹಚ್ಚೋಕೆ ಯಾವ ಗಮ್ ಗಟ್ಟಿ? ಒಂದು ಸಲ ಬಿದ್ದಾಗಿದೆ

ಗಂಗಾವತಿ ಮನೆಯವ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಗಂಗಾವತಿಯಲ್ಲಿ, ಮುಂಬಾಗಿಲು ಪಶ್ಚಿಮಕ್ಕೆ. ಮೂರು ವರ್ಷದ ಹಿಂದೆ ಬಾಗಿಲಿನ ಎರಡೂ ಬದಿಗೆ ಕಪ್ಪು ಗ್ರಾನೈಟ್ ಹಚ್ಚಿಸಿದ್ದೆವು. 2 ಅಡಿಗೆ 2 ಅಡಿ, 18 ಎಂಎಂ ದಪ್ಪ. ಒಂದೊಂದು ಬದಿಗೆ 8 ಕಲ್ಲು, ಅಂದರೆ 4 ಸಾಲು, ಎತ್ತರ ಸುಮಾರು 8 ಅಡಿ.

ಕಳೆದ ತಿಂಗಳು ಮಧ್ಯಾಹ್ನ 3 ಗಂಟೆ ಹೊತ್ತಿಗೆ ಮೇಲಿನ ಸಾಲಿನ ಎರಡು ಕಲ್ಲು ಧಡ್ ಅಂತ ಬಿದ್ದವು. ಕೆಳಗೆ ನಿಲ್ಲಿಸಿದ್ದ ಬೈಕಿನ ಟ್ಯಾಂಕ್ ನುಜ್ಜಾಯಿತು. ಬೈಕ್ ಹೋದರೆ ಹೋಗಲಿ, ಅದೇ ಜಾಗದಲ್ಲಿ ಸಂಜೆ ಅವ್ವ ಕೂತು ಅಕ್ಕಿ ಹಸನು ಮಾಡುತ್ತಾಳೆ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತೆ. ಉಳಿದ ಕಲ್ಲುಗಳನ್ನು ಬಡಿದು ನೋಡಿದೆ. ನಾಲ್ಕೈದು ಟೊಳ್ಳು ಸದ್ದು ಕೊಡುತ್ತಿವೆ.

ಈಗ ಎಲ್ಲಾ ಕಿತ್ತು ಹೊಸದಾಗಿ ಹಚ್ಚಬೇಕು ಅಂತಿದ್ದೇನೆ. ಒಂದು ಅಂಗಡಿಯವರು ಗನ್‌ನಲ್ಲಿ ಒತ್ತುವ ಟ್ಯೂಬ್ ತೋರಿಸಿ, ಇದಿದ್ರೆ ಮೊಳೆನೇ ಬೇಡ, ನೂರಾರು ಕೆಜಿ ಹಿಡಿಯುತ್ತೆ ಅಂದರು. ಇನ್ನೊಬ್ಬರು ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಅಂದರು. ಗೌಂಡಿಯನ್ನು ಕೇಳಿದರೆ, "ಸಿಮೆಂಟ್ ಹಾಲ್ನಾಗ ಹಚ್ಚೋಣ ಬಿಡ್ರಿ, ಈ ಸಲ ಚಲೋತ್ನಾಗಿ ಹಚ್ತೀನಿ" ಅಂತಾನೆ. ಸಿಮೆಂಟ್ ಹಾಲು ಅಂದರೆ ನೀರಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್. ಹೋದ ಸಲವೂ ಅವನು ಇದೇ ಮಾತು ಹೇಳಿದ್ದ.

ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಎಲ್ಲಕ್ಕಿಂತ ಗಟ್ಟಿಯಾದ ಗಮ್ ಯಾವುದು ಹೇಳಿ. ಅಡುಗೆ ಕಟ್ಟೆಯ ಮುಂದಿನ ಗ್ರಾನೈಟ್ ಪಟ್ಟಿ ಒಂದು ಕಡೆ ಬಿಟ್ಟುಕೊಂಡಿದೆ, ಬಚ್ಚಲಲ್ಲಿ ಒಂದು ಕನ್ನಡಿಯನ್ನೂ ಹಚ್ಚೋದಿದೆ. ಒಂದೇ ಗಮ್‌ನಲ್ಲಿ ಮೂರೂ ಮುಗಿದರೆ ಒಳ್ಳೇದು.

ಬಳ್ಳಾರಿ ಹಾರ್ಡ್‌ವೇರ್

ಸರ್, ಗಮ್ ವಿಷಯ ಆಮೇಲೆ. ಟೊಳ್ಳು ಸದ್ದು ಕೊಡುವ ಕಲ್ಲುಗಳನ್ನು ಇವತ್ತೇ ಇಳಿಸಿ, ಅಲ್ಲಿವರೆಗೆ ಆ ಗೋಡೆ ಹತ್ತಿರ ಯಾರನ್ನೂ ಕೂರಿಸಬೇಡಿ. ಒಂದೊಂದು ಕಲ್ಲು 17-18 ಕೆಜಿ ತೂಗುತ್ತೆ.

ಆಮೇಲೆ ಬಿದ್ದ ಕಲ್ಲನ್ನು ಬೋರಲು ಹಾಕಿ ಅದರ ಬೆನ್ನು ನೋಡಿ. ನಾನು ಅಂಗಡಿಯಲ್ಲಿ ಗಿರಾಕಿಗಳಿಗೆ ಮೊದಲು ಕೇಳೋದು ಇದನ್ನೇ. ಬೆನ್ನು ತೊಳೆದ ಹಾಗೆ ಸ್ವಚ್ಛ ಇದ್ದರೆ ಮಾಲು, ಅಂದರೆ ಹಚ್ಚಿದ ಸಿಮೆಂಟ್, ಕಲ್ಲನ್ನು ಹಿಡಿದೇ ಇಲ್ಲ ಅಂತ ಅರ್ಥ. ಮಾಲು ಕಲ್ಲಿಗೆ ಅಂಟಿಕೊಂಡಿದ್ದು ಅದರ ಮೇಲೆ ಬಣ್ಣದ ಪದರ ಕಂಡರೆ, ಹಳೇ ಪೇಂಟ್ ಮೇಲೆಯೇ ಹಚ್ಚಿದ್ದಾರೆ, ಪೇಂಟ್ ಬಿಟ್ಟಿದೆ. ಗಿಲಾವೇ (ಗೋಡೆಯ ಪ್ಲಾಸ್ಟರ್) ಕಿತ್ತು ಬಂದು ಒಳಗೆ ಇಟ್ಟಿಗೆ ಕಾಣ್ತಿದ್ದರೆ ಗಿಲಾವು ಸತ್ತಿದೆ, ಆಗ ಯಾವ ಗಮ್ ತಂದರೂ ಅಷ್ಟೇ. ನೋಡಿ ಹೇಳಿ, ಆಮೇಲೆ ಮಾತಾಡೋಣ.

ಗೌಂಡಿಯ ಮಗ

ಯಾಕ್ರೀ ಸಿಮೆಂಟ್ ಹಾಲನ್ನು ಇಷ್ಟು ಬೈತೀರಿ? ನಮ್ಮಪ್ಪ ಜೀವಮಾನವಿಡೀ ಅದರಲ್ಲೇ ಕಲ್ಲು ಕೂರಿಸಿದ್ದು. ನಮ್ಮ ಮನೆ ಪಡಸಾಲೆಯ ಶಹಾಬಾದ್ ಫರ್ಸಿ ನಾನು ಹುಟ್ಟೋಕೆ ಮುಂಚೆ ಹಾಕಿದ್ದು, ಒಂದೂ ಅಲ್ಲಾಡಿಲ್ಲ. ಈಗ ಎಲ್ಲದಕ್ಕೂ ಕೆಮಿಕಲ್, ಎಲ್ಲದಕ್ಕೂ ಚೀಲ. ಕೆಲಸ ಬರೋರು ಇಲ್ಲ ಅಷ್ಟೇ.

ಗಂಗಾವತಿ ಮನೆಯವ

ಕಲ್ಲು ಇಳಿಸಿದೆ ಸರ್, ಒಟ್ಟು 7 ಬಂದವು. ಎರಡಂತೂ ಉಳಿ ತಾಗಿಸಿದ್ದೇ ತಡ ಕೈಗೇ ಬಂದುಬಿಟ್ಟವು. ಬೆನ್ನು ನೋಡಿದೆ. ಐದರಲ್ಲಿ ಬೆನ್ನು ಕನ್ನಡಿ ಹಾಗಿದೆ, ಸಿಮೆಂಟ್ ಎಲ್ಲಾ ಗೋಡೆಯಲ್ಲೇ ಉಳಿದಿದೆ. ಅದೂ ಪೂರ್ತಿ ಇಲ್ಲ, ನಡುವೆ ಐದಾರು ಕಡೆ ಉಂಡೆ ಇಟ್ಟು ಒತ್ತಿದ್ದಾರೆ, ಉಳಿದದ್ದು ಖಾಲಿ. ಇನ್ನೆರಡು ಕಲ್ಲಿನ ಬೆನ್ನಿಗೆ ಬಿಳಿ ಬಲೆ ಥರ ಏನೋ ಅಂಟಿಕೊಂಡಿದೆ, ಸೊಳ್ಳೆ ಪರದೆ ಇದ್ದ ಹಾಗೆ. ಅದೇನದು? ಒಂದು ಕಡೆ ಗೋಡೆಯಲ್ಲಿ ಹಳೇ ಹಸಿರು ಪೇಂಟೂ ಕಾಣ್ತಿದೆ.

ಬಳ್ಳಾರಿ ಹಾರ್ಡ್‌ವೇರ್

ನೀವು ಬರೆದದ್ದರಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಗೌಂಡಿಯ ಮಗನಿಗೆ. ಅಣ್ಣಾ, ನಿಮ್ಮಪ್ಪ ಮಾಡಿದ್ದು ತಪ್ಪಲ್ಲ. ಶಹಾಬಾದ್ ಫರ್ಸಿಯ ಬೆನ್ನು ಒರಟು, ಅದು ನೆಲದ ಮೇಲೆ ಮಲಗಿದೆ, ಅದರ ತೂಕವೇ ಅದನ್ನು ಒತ್ತಿ ಹಿಡಿಯುತ್ತೆ. ಇಲ್ಲಿರೋದು ಯಂತ್ರದಲ್ಲಿ ಕೊಯ್ದ ಗ್ರಾನೈಟ್, ನೀರು ಹೀರೋದು ತೀರಾ ಕಮ್ಮಿ, ನಿಂತಿರೋದು ಗೋಡೆ ಮೇಲೆ. ಸಿಮೆಂಟ್ ಹಾಲು ಕಚ್ಚೋದು ಸಣ್ಣ ರಂಧ್ರಗಳೊಳಗೆ ಇಳಿದು. ಗ್ರಾನೈಟಿನಲ್ಲಿ ಇಳಿಯೋಕೆ ಜಾಗವೇ ಇಲ್ಲ. ಬಿಸಿಲಿಗೆ ಕಾದ ಗೋಡೆ ಬೇರೆ ಆ ಹಾಲಿನ ನೀರನ್ನು ಗಟಗಟ ಕುಡಿದುಬಿಡುತ್ತೆ, ಸಿಮೆಂಟ್ ಗಟ್ಟಿಯಾಗೋಕೆ ಬೇಕಾದ ನೀರೇ ಉಳಿಯಲ್ಲ, ಬಿರುಕು ಬಿಟ್ಟು ಪುಡಿಯಾಗುತ್ತೆ.

ಈಗ ಗಟ್ಟಿ ಗಮ್ ಯಾವುದು ಅನ್ನೋ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಒಳ್ಳೆ ಟೈಲ್ ಅಡೆಸಿವ್ (ಚೀಲದಲ್ಲಿ ಪುಡಿಯಾಗಿ ಬರೋ ಅಂಟು) ಅಂದರೆ ಚೀಲದ ಮೇಲೆ ಸಿ2 ಅಂತ ಬರೆದಿರುತ್ತೆ, ಅದರ ಅರ್ಥ ಒಂದು ಚದರ ಮಿಲಿಮೀಟರಿಗೆ ಕನಿಷ್ಠ 1 ನ್ಯೂಟನ್ ಎಳೆತ ತಡೆಯಬೇಕು ಅಂತ. ನಮ್ಮ ಭಾಷೆಯಲ್ಲಿ ಹೇಳಿದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 10 ಕೆಜಿ. ನಿಮ್ಮ ಕಲ್ಲು 60ಕ್ಕೆ 60 ಸೆಂಟಿಮೀಟರ್ ಅಂದುಕೊಳ್ಳಿ, 3600 ಚದರ ಸೆಂಟಿಮೀಟರ್ ಆಯಿತು. ಪೂರ್ತಿ ಅಂಟಿದ್ದರೆ ಲೆಕ್ಕದ ಪ್ರಕಾರ 36 ಟನ್! ಕಲ್ಲಿನ ತೂಕ 18 ಕೆಜಿ. ನಿಮ್ಮ ಸಿಮೆಂಟ್ ಹಾಲಿನ ಹಿಡಿತ ಇದರ ನೂರರಲ್ಲಿ ಒಂದು ಪಾಲು ಇದ್ದರೂ ಬೀಳಬಾರದು, ಅಲ್ವಾ? ಆದರೂ ಬಿತ್ತು. ಅಂದರೆ ತೂಕಕ್ಕೆ ಬಿದ್ದಿದ್ದಲ್ಲ ಅದು. ಟ್ಯೂಬಿನ ಮೇಲೆ ನೂರಾರು ಕೆಜಿ ಅಂತ ಬರೆದಿರೋದನ್ನು ನೋಡಿ ಕೊಳ್ಳೋದು ಅದಕ್ಕೇ ದಂಡ.

ಬೀಳಿಸಿದ್ದು ಬಿಸಿಲು. ಬಿದ್ದ ಸಮಯ ನೀವೇ ಹೇಳಿದ್ದೀರಿ, ಮಧ್ಯಾಹ್ನ 3 ಗಂಟೆ, ಪಶ್ಚಿಮದ ಗೋಡೆ, ಕಪ್ಪು ಕಲ್ಲು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತೆ, ಆ ಕಲ್ಲನ್ನು ಆಗ ಕೈಯಲ್ಲಿ ಮುಟ್ಟೋಕಾಗಲ್ಲ. ಬೆಳಗಿನ ಜಾವದ ತಂಪಿಗೂ ಮಧ್ಯಾಹ್ನದ ಕಾವಿಗೂ 40 ಡಿಗ್ರಿ ವ್ಯತ್ಯಾಸ ಅಂತ ಹಿಡಿದರೆ 2 ಅಡಿ ಕಲ್ಲು ಸುಮಾರು 0.2 ಮಿಲಿಮೀಟರ್ ಹಿಗ್ಗುತ್ತೆ. ಕೂದಲೆಳೆಯಷ್ಟೇ, ಆದರೆ ಅಷ್ಟಕ್ಕೂ ಜಾಗ ಬೇಕು. ಕಲ್ಲಿಗೆ ಕಲ್ಲು ತಾಗಿಸಿ ಸಂದಿ ಇಲ್ಲದೆ ಕೂರಿಸಿದರೆ ನಾಲ್ಕು ಸಾಲಿನದೂ ಸೇರಿಕೊಂಡು ಮೇಲಿನ ಕಲ್ಲನ್ನು ಹೊರಕ್ಕೆ ನೂಕುತ್ತೆ. ಒಳಗಿರೋ ಗೋಡೆ ಅಷ್ಟು ಕಾಯಲ್ಲ, ಅಷ್ಟು ಹಿಗ್ಗಲ್ಲ. ಎಳೆದಾಟ ಎಲ್ಲಾ ನಡುವಿನ ಅಂಟಿನ ಮೇಲೆ ಬೀಳುತ್ತೆ. ಮೂರು ವರ್ಷ ದಿನಾ ಹೀಗೆ ಎಳೆದು ಎಳೆದು ಬಿಟ್ಟಿದೆ.

ಹಾಗಾಗಿ ನಿಮಗೆ ಬೇಕಾಗಿರೋದು ಕಲ್ಲಿನಂತೆ ಗಟ್ಟಿಯಾಗೋ ಗಮ್ ಅಲ್ಲ, ಹಿಡಿದುಕೊಂಡೂ ಸ್ವಲ್ಪ ಬಾಗೋದು. ಪಾಲಿಮರ್ ಬೆರೆಸಿದ, ಸಿಮೆಂಟ್ ಆಧಾರದ ಅಡೆಸಿವ್ ಚೀಲ ತನ್ನಿ. ನಮ್ಮ ದೇಶದ ಮಾನದಂಡ ಐಎಸ್ 15477. ಅದನ್ನು 2019ರಲ್ಲಿ ಪರಿಷ್ಕರಿಸಿ ಟೈಪ್ 1ರಿಂದ 5ರವರೆಗೆ ವಿಂಗಡಿಸಿದ್ದಾರೆ. ಹೊರಗೋಡೆಗೆ ಗ್ರಾನೈಟ್ ಅಂದರೆ ಟೈಪ್ 3ರಿಂದ ಕೆಳಗೆ ಇಳಿಯಲೇಬೇಡಿ. ಅದರ ಜೊತೆ ಎಸ್1 ಅಂತ ಇದೆಯಾ ನೋಡಿ, ಬಾಗುವ ಗುಣ ಇದೆ ಅಂತ ಅದರರ್ಥ. ಟಿ ಅಂತಿದ್ದರೆ ಕಲ್ಲು ಕೆಳಕ್ಕೆ ಜಾರಲ್ಲ, ಇ ಅಂತಿದ್ದರೆ ಹಚ್ಚಿದ ಮೇಲೆ ಕೂರಿಸೋಕೆ ಸಮಯ ಜಾಸ್ತಿ ಸಿಗುತ್ತೆ. ರಾಫ್, ಲ್ಯಾಟಿಕ್ರೀಟ್, ವೆಬರ್ ಯಾವುದಾದರೂ ಆಗಲಿ, ಕಂಪನಿ ಹೆಸರಿಗಿಂತ ಈ ಅಕ್ಷರಗಳನ್ನು ಓದಿ. ಒಂದೇ ಕಂಪನಿಯದ್ದರಲ್ಲೇ ಅಗ್ಗದ ಚೀಲ ನೆಲಕ್ಕೆ ಮಾತ್ರ ಅಂತ ಇರುತ್ತೆ, ನಮ್ಮ ಜನ ಬೆಲೆ ನೋಡಿ ಅದನ್ನೇ ಒಯ್ದು ಗೋಡೆಗೆ ಹಚ್ಚುತ್ತಾರೆ.

ನಿಮ್ಮದು 16 ಕಲ್ಲು, 64 ಚದರಡಿ. 6 ಎಂಎಂ ದಪ್ಪ ಹಚ್ಚಿದರೆ 20 ಕೆಜಿಯ 3 ಚೀಲ ಹತ್ತಿರ ಬೇಕಾಗುತ್ತೆ.

ಟ್ಯೂಬ್ ಯಾಕೆ ಬೇಡ ಅಂದರೆ, ಒಂದು ಟ್ಯೂಬಿನಲ್ಲಿ 300 ಎಂಎಲ್ ಇರುತ್ತೆ. 5 ಎಂಎಂ ದಪ್ಪದ ಗೆರೆ ಎಳೆದರೆ 15 ಮೀಟರ್ ಬರುತ್ತೆ ಅಷ್ಟೇ. ಗೆರೆ ಎಳೆದು ಒತ್ತಿದರೆ ನಡುವೆ ಟೊಳ್ಳು ಉಳಿಯುತ್ತೆ, ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತೆ. ಈ ಟ್ಯೂಬುಗಳಲ್ಲಿ ಕೆಲವು ಗಾಳಿಯ ತೇವ ಹೀರಿ ಗಟ್ಟಿಯಾಗುವಂಥವು, ದಿನಕ್ಕೆ ಎರಡು ಮೂರು ಮಿಲಿಮೀಟರ್ ಅಂಚಿನಿಂದ ಒಳಕ್ಕೆ. 2 ಅಡಿ ಗ್ರಾನೈಟಿನ ನಡುಭಾಗಕ್ಕೆ ಗಾಳಿ ಎಲ್ಲಿಂದ ಹೋಗಬೇಕು? ಪಿವಿಸಿ ಪ್ಯಾನೆಲ್, ಮರದ ಪಟ್ಟಿ, ಸ್ಕರ್ಟಿಂಗ್ ಅಂಥದ್ದಕ್ಕೆ ಟ್ಯೂಬ್ ಚೆನ್ನ, ನಾನೇ ಮಾರುತ್ತೇನೆ.

ಎಪಾಕ್ಸಿ ಬಹಳ ಗಟ್ಟಿ, ಸುಳ್ಳಲ್ಲ. ಆದರೆ ಮಾಮೂಲಿ ಎರಡು ಡಬ್ಬಿ ಎಪಾಕ್ಸಿ 50-60 ಡಿಗ್ರಿ ಹತ್ತಿರ ಮೆತ್ತಗಾಗೋಕೆ ಶುರುವಾಗುತ್ತೆ. ನಿಮ್ಮ ಕಪ್ಪು ಗೋಡೆ ಬೇಸಿಗೆಯಲ್ಲಿ ಆ ಮಟ್ಟ ಮುಟ್ಟುತ್ತೆ. ಅದನ್ನು ಅಡುಗೆ ಕಟ್ಟೆಯ ಪಟ್ಟಿಗೆ ಇಟ್ಟುಕೊಳ್ಳಿ, ಕಲ್ಲಿಗೆ ಕಲ್ಲು ಕೂಡಿಸೋಕೆ, ಮನೆ ಒಳಗೆ, ಅದರಂಥದ್ದಿಲ್ಲ. ಎಣ್ಣೆ ಜಿಡ್ಡು ಪೂರ್ತಿ ತೆಗೆದು, ಎರಡೂ ಮುಖ ಸ್ವಲ್ಪ ಉಜ್ಜಿ, ಒಣಗಿಸಿ ಹಚ್ಚಿ, ಒಂದು ದಿನ ಟೇಪ್ ಹಾಕಿ ಬಿಡಿ.

ಆ ಬಲೆ ಕಾರ್ಖಾನೆಯಲ್ಲೇ ಅಂಟಿಸಿದ್ದು. ಕಲ್ಲು ಸಾಗಿಸುವಾಗ ಒಡೆಯದಿರಲಿ ಅಂತ ಬೆನ್ನಿಗೆ ರಾಳ ಸುರಿದು ಬಲೆ ಹಾಕಿರುತ್ತಾರೆ. ಸಿಮೆಂಟ್ ಅಡೆಸಿವ್ ಹಿಡಿಯೋದು ಆ ರಾಳವನ್ನು, ಕಲ್ಲನ್ನಲ್ಲ. ರಾಳದ ಮೇಲೆ ಅದು ಸರಿಯಾಗಿ ನಿಲ್ಲಲ್ಲ. ಗ್ರೈಂಡರ್ ಹಾಕಿ ಬಲೆ ಪೂರ್ತಿ ಕಿತ್ತು ಕಲ್ಲು ಕಾಣೋ ತನಕ ಒರಟು ಮಾಡಿ. ಉಳಿದ ಕಲ್ಲುಗಳ ಕನ್ನಡಿ ಬೆನ್ನನ್ನೂ ಹಾಗೇ ಒರಟು ಮಾಡಿಸಿ. ಗ್ರಾನೈಟಿನ ಧೂಳು ಎದೆಗೆ ಕೆಟ್ಟದ್ದು, ನೀರು ಬಿಡುತ್ತಾ ಉಜ್ಜಬೇಕು. ಕೈಯಲ್ಲಿ ಕರೆಂಟಿನ ಯಂತ್ರ ಇರೋದರಿಂದ ನೀರಿಗೆ ಅಂತಲೇ ಇರುವ ಗ್ರೈಂಡರ್ ಬಾಡಿಗೆಗೆ ತನ್ನಿ, ಮಾಮೂಲಿಯದಕ್ಕೆ ನೀರು ಸುರಿಯಬೇಡಿ.

ಸಿಂಧನೂರಿನವ

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ಒಂದು ಮಾತು ಬಿಟ್ಟಿದ್ದಾರೆ. ನಿಮ್ಮ ಮನೆ ಎರೆ ಮಣ್ಣಿನ ಮೇಲಿದೆಯಾ? ನಮ್ಮ ಕಡೆ, ನಿಮ್ಮ ಕಡೆ ಕಾಲುವೆ ಬಯಲಲ್ಲಿ ಜಾಸ್ತಿ ಎರೆಯೇ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತೆ. ಪಾಯ ಸರಿ ಇಲ್ಲದಿದ್ದರೆ ಗೋಡೆಯೂ ಅದರ ಜೊತೆ ಆಡುತ್ತೆ. ಕಲ್ಲು ಕಿತ್ತ ಜಾಗದಲ್ಲಿ ಓರೆ ಬಿರುಕು ಇದೆಯಾ ನೋಡಿ. ಇದ್ದರೆ ಅದರ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ಅಳತೆ ಬರೆದಿಟ್ಟು, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಬಿರುಕು ಬೆಳೆಯುತ್ತಿದ್ದರೆ ಗ್ರಾನೈಟ್ ಮರೆತುಬಿಡಿ, ಪೇಂಟ್ ಹೊಡೆದು ಸುಮ್ನೆ ಇರಿ.

ಇನ್ನೊಂದು, ಗೋಡೆ ಬುಡದಲ್ಲಿ ಬಿಳಿ ಉಪ್ಪು ಏಳುತ್ತಿದ್ದರೆ ಕೆಳಗಿನ ಸಾಲು ನಿಲ್ಲಲ್ಲ. ನೆಲದ ತೇವದ ಜೊತೆ ಸವಳು ಮೇಲೆ ಬಂದು ಕಲ್ಲಿನ ಹಿಂದೆ ಹರಳುಗಟ್ಟಿ ನೂಕುತ್ತೆ. ನಾನು ಅನುಭವಿಸಿದ್ದೇನೆ, ಅದೂ ಎರಡು ಸಲ. ಅಡೆಸಿವ್ ಕಲಸೋಕೆ ಉಪ್ಪು ನೀರಿನ ಬೋರ್ ಬೇಡ, ಕುಡಿಯುವ ನೀರು ಹಾಕಿ. ಮೂರು ಚೀಲಕ್ಕೆ ಒಂದು ಕೊಡ ಸಾಕಾಗುತ್ತೆ, ಅಷ್ಟಕ್ಕೆ ಲೋಭ ಮಾಡಬೇಡಿ.

ರಾಯಚೂರು ಅಕ್ಕ

ನಾನು ಗೌಂಡಿಯೂ ಅಲ್ಲ, ಅಂಗಡಿಯೂ ಇಲ್ಲ. ಹೋದ ವರ್ಷ ತುಳಸಿಕಟ್ಟೆಗೂ ಕಾಂಪೌಂಡ್ ಗೋಡೆಗೂ ಕಲ್ಲು ಹಚ್ಚಿಸುವಾಗ ದಿನವಿಡೀ ನಿಂತು ನೋಡಿದವಳು. ಮೊದಲ ದಿನದ ಕೆಲಸ ಪೂರ್ತಿ ಹಾಳಾಯಿತು, ಒಳ್ಳೆ ಚೀಲ ತಂದಿದ್ದೂ ಸಹ. ಯಾಕೆ ಗೊತ್ತಾ? ಕೆಲಸದವರು ಬಂದಿದ್ದೇ 11 ಗಂಟೆಗೆ. ರಾಯಚೂರಿನಲ್ಲಿ ಏಪ್ರಿಲ್ ತಿಂಗಳು 11 ಗಂಟೆ! ಒಂದೇ ಸಲ ನಾಲ್ಕು ಕಲ್ಲಿಗೆ ಆಗುವಷ್ಟು ಗೋಡೆಗೆ ಬಳಿದರು, ಮೂರನೇ ಕಲ್ಲಿಗೆ ಬರೋ ಹೊತ್ತಿಗೆ ಮೇಲೆ ಕೆನೆ ಕಟ್ಟಿತ್ತು. ಅದರ ಮೇಲೆ ನೀರು ಚಿಮುಕಿಸಿ ಕಲ್ಲು ಒತ್ತಿದರು. ಮಾರನೇ ದಿನ ಬಡಿದರೆ ಡಬ್ ಡಬ್. ನಾನೇ ಕೀಳಿಸಿದೆ, ಜಗಳವೂ ಆಯಿತು.

ಆಮೇಲೆ ಚೀಲದ ಮೇಲೆ ಬರೆದದ್ದನ್ನು ಕೂತು ಓದಿದೆ. ಗೋಡೆ ಕಾವು 35-40 ಡಿಗ್ರಿಗಿಂತ ಜಾಸ್ತಿ ಇದ್ದರೆ ಹಚ್ಚಬಾರದು ಅಂತ ಅದರಲ್ಲೇ ಇತ್ತು. ನಿಮ್ಮದು ಪಶ್ಚಿಮದ ಗೋಡೆ, ಬೆಳಗ್ಗೆ ನೆರಳಿರುತ್ತೆ, ಅದು ನಿಮ್ಮ ಪುಣ್ಯ. 6 ಗಂಟೆಗೆ ಶುರು ಮಾಡಿ 10ಕ್ಕೆ ನಿಲ್ಲಿಸಿ. ಮಧ್ಯಾಹ್ನದ ಬಿಸಿಲು ಹಸಿ ಅಂಟಿನ ಮೇಲೆ ಬೀಳದಂತೆ ಹಸಿರು ನೆಟ್ ಕಟ್ಟಿ. ಒಂದು ಕಲ್ಲಿಗೆ ಬೇಕಾದಷ್ಟೇ ಬಳಿಯಿರಿ. ಬೆರಳು ಮುಟ್ಟಿಸಿದರೆ ಅಂಟು ಬೆರಳಿಗೆ ಬರಬೇಕು, ಬರದಿದ್ದರೆ ಕೆರೆದು ಬಿಸಾಡಿ. ಕಲಸುವಾಗ ಮೊದಲು ಬಕೆಟ್ಟಿಗೆ ನೀರು, ಆಮೇಲೆ ಪುಡಿ. ಕಲಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಗಟ್ಟಿಯಾಗ್ತಿದೆ ಅಂತ ಮಧ್ಯೆ ನೀರು ಹಾಕೋಕೆ ಬಿಡಬೇಡಿ, ಅವರು ಹಾಕಿಯೇ ಹಾಕುತ್ತಾರೆ, ನಿಂತು ನೋಡಬೇಕು.

ಹಚ್ಚೋದು ಹಲ್ಲಿರುವ ಕರಣಿಯಲ್ಲಿ, ಗೆರೆಗಳೆಲ್ಲಾ ಒಂದೇ ದಿಕ್ಕಿಗೆ. ಕಲ್ಲಿನ ಬೆನ್ನಿಗೂ ತೆಳ್ಳಗೆ ಸವರಬೇಕು. ಉಂಡೆ ಇಟ್ಟು ಒತ್ತೋ ಪದ್ಧತಿಗೆ ದೊಡ್ಡ ನಮಸ್ಕಾರ. ಮೊದಲ ಕಲ್ಲು ಕೂರಿಸಿದ ತಕ್ಷಣ ಒಂದು ಸಲ ಕಿತ್ತು ನೋಡಿ, ಹೊರಗಿನ ಕೆಲಸಕ್ಕೆ ಬೆನ್ನಿನ 95% ಭಾಗಕ್ಕಾದರೂ ಅಂಟು ತಾಗಿರಬೇಕು. ನಮ್ಮವರಿಗೆ ಕಿತ್ತು ತೋರಿಸಿದಾಗ ಅರ್ಧ ಖಾಲಿ ಇತ್ತು, ಆಮೇಲೆ ಮಾತಿಲ್ಲದೆ ಸರಿಯಾಗಿ ಹಚ್ಚಿದರು.

ಕನ್ನಡಿ ಬಗ್ಗೆ ಯಾರೂ ಹೇಳಿಲ್ಲ. ವಿನೆಗರ್ ವಾಸನೆ ಬರೋ ಸಿಲಿಕೋನ್ ಹಚ್ಚಬೇಡಿ, ಹಿಂದಿನ ಪಾದರಸ ಅಂತೀವಲ್ಲ, ಆ ಲೇಪ ತಿಂದು ಕಪ್ಪು ಕಲೆ ಬರುತ್ತೆ. ನ್ಯೂಟ್ರಲ್ ಅಂತ ಬರೆದಿರೋದನ್ನು ಕೇಳಿ ತನ್ನಿ.

ಗೌಂಡಿಯ ಮಗ

ಅಕ್ಕಾ, ಕೆಲಸದವರನ್ನು ಇಷ್ಟು ಬೈಯಬೇಡಿ. 11 ಗಂಟೆಗೆ ಯಾಕೆ ಬರ್ತಾರೆ ಅಂದರೆ ಬೆಳಗ್ಗೆ ಇನ್ನೊಂದು ಮನೆ ಕೆಲಸ ಮುಗಿಸಿ ಬಂದಿರ್ತಾರೆ. ಹಾಲಿನ ವಿಷಯ ಒಪ್ಪಿದೆ, ಗೋಡೆ ಬೇರೆ ನೆಲ ಬೇರೆ. ಅಪ್ಪನಿಗೂ ಓದಿ ಹೇಳಿದೆ. ಅವರು ಹೇಳೋದು, ಗೋಡೆ ಕಲ್ಲಿಗೆ ಆಗಲೂ ತೂತು ಕೊರೆದು ತಂತಿ ಕಟ್ಟಿ ಗೋಡೆಗೆ ಬಿಗೀತಿದ್ದೆವು, ಈಗಿನವರು ಅದನ್ನು ಬಿಟ್ಟರು ಅಂತ. ಕಿನ್ನಾಳದವರು ಗೊಂಬೆಗೆ ಹುಣಸೆ ಬೀಜದ ಅಂಟು ಹಾಕ್ತಾರೆ, ಹಾಗಂತ ಅದನ್ನು ತಂದು ಗೋಡೆಗೆ ಹಚ್ತಾರಾ ಅಂತ ನಗ್ತಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು ಅಂಟು ಅಂತೆ.

ಗಂಗಾವತಿ ಮನೆಯವ

ಎಲ್ಲರಿಗೂ ಧನ್ಯವಾದ. ಬಿರುಕು ನೋಡಿದೆ, ಓರೆ ಬಿರುಕು ಇಲ್ಲ. ಬುಡದಲ್ಲಿ ಉಪ್ಪೂ ಇಲ್ಲ, ನಮ್ಮದು ಸ್ವಲ್ಪ ಎತ್ತರದ ಜಾಗ, ಕೆಳಗೆ ಗರಸು. ಹಸಿರು ಪೇಂಟ್ ಇರೋ ಕಡೆ ಗಿಲಾವು ಗಟ್ಟಿ ಇದೆ, ಪೇಂಟ್ ಮಾತ್ರ ಕೆರೆಸುತ್ತೇನೆ. ತಂತಿ ಅಂದಿರಲ್ಲ, ಅದು ನನ್ನ 8 ಅಡಿಗೂ ಬೇಕಾ? ಸಂದಿ ಎಷ್ಟು ಬಿಡಲಿ?

ಬಳ್ಳಾರಿ ಹಾರ್ಡ್‌ವೇರ್

ಗೌಂಡಿಯ ಮಗನ ಅಪ್ಪ ಹೇಳಿದ್ದು ನೂರಕ್ಕೆ ನೂರು. ನಾನು ಹೇಳಬೇಕಾಗಿದ್ದು ಮರೆತಿದ್ದೆ. ತಲೆಗಿಂತ ಮೇಲೆ ಹೋಗುವ ಕಲ್ಲಿಗೆ ನಾನಂತೂ ಬರೀ ಅಂಟನ್ನು ನಂಬಲ್ಲ. ಅಂಟು ಬಿಟ್ಟರೂ ಕಲ್ಲು ನೇತಾಡುತ್ತಾ ಉಳೀಬೇಕು, ತಲೆ ಮೇಲೆ ಬರಬಾರದು. ನಿಮ್ಮ ಮೇಲಿನ ಎರಡು ಸಾಲಿಗೆ ಕ್ಲಾಂಪ್ ಹಾಕಿಸಿ. ಕಲ್ಲಿನ ದಪ್ಪದ ಅಂಚಿನಲ್ಲಿ ಗ್ರೈಂಡರ್‌ನಿಂದ ಸಣ್ಣ ಸೀಳು ಹಾಕಿ, ಅದರೊಳಗೆ ಕ್ಲಾಂಪಿನ ನಾಲಿಗೆ ಕೂರಿಸಿ, ಇನ್ನೊಂದು ತುದಿಯನ್ನು ಬೋಲ್ಟಿನಿಂದ ಗೋಡೆಗೆ ಬಿಗಿಯಬೇಕು. ಬೋಲ್ಟ್ ಗಿಲಾವು ದಾಟಿ ಇಟ್ಟಿಗೆಯೊಳಗೆ ಹೋಗಬೇಕು. ಕ್ಲಾಂಪ್, ತಂತಿ ಏನೇ ಆದರೂ ಸ್ಟೇನ್‌ಲೆಸ್ ಸ್ಟೀಲಿನದೇ, 304 ದರ್ಜೆಯದ್ದು ಸಾಕು. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತೆ.

ಸಂದಿ 3 ಎಂಎಂ ಬಿಡಿ, ನಡುವೆ ಸ್ಪೇಸರ್ (ಸಂದಿ ಸಮ ಇಡೋ ಸಣ್ಣ ತುಂಡು) ಇಟ್ಟು. ಗ್ರೌಟ್, ಅಂದರೆ ಸಂದಿ ಮುಚ್ಚುವ ಮಾಲು, ತುಂಬೋದು ಅಂಟು ಒಣಗಿದ ಮೇಲೆ, ಅವಸರ ಬೇಡ. ಮೇಲೆ ಸಜ್ಜಾಕ್ಕೆ ತಾಗುವ ಕಡೆ, ಬಾಗಿಲ ಚೌಕಟ್ಟಿಗೆ ತಾಗುವ ಕಡೆ ಗ್ರೌಟ್ ಬೇಡ, ಕಲ್ಲಿಗೆ ಕಲೆ ಮಾಡದ ನ್ಯೂಟ್ರಲ್ ಸೀಲೆಂಟ್ ತುಂಬಿ. ಕಲ್ಲು ಹಿಗ್ಗೋಕೆ ಅಲ್ಲಿ ಜಾಗ ಸಿಗುತ್ತೆ, ಮಳೆ ನೀರೂ ಒಳಗೆ ಇಳಿಯಲ್ಲ.

ಗಂಗಾವತಿ ಮನೆಯವ

ಗೌಂಡಿ ಒಪ್ಪಿದ. ಸೋಮವಾರ ಬೆಳಗ್ಗೆ 6ಕ್ಕೆ ಬರ್ತಾನಂತೆ. ಆದರೆ ಬೆನ್ನು ಉಜ್ಜೋಕೆ, ಕ್ಲಾಂಪ್ ಸೀಳು ಹಾಕೋಕೆ ಎರಡು ದಿನದ ಕೂಲಿ ಬೇರೆ ಕೇಳ್ತಿದ್ದಾನೆ.

ರಾಯಚೂರು ಅಕ್ಕ

ಕೊಡಿ. ಜೊತೆಗೆ ಮೂಗಿಗೆ ಒಳ್ಳೆ ಮಾಸ್ಕ್ ಕೊಡಿಸಿ, ಕರವಸ್ತ್ರ ಕಟ್ಟಿಕೊಂಡು ಉಜ್ಜೋಕೆ ಬಿಡಬೇಡಿ. ಮತ್ತೆ ಮೊದಲ ಕಲ್ಲು ಕಿತ್ತು ನೋಡೋದು ಮರೀಬೇಡಿ, ಅವನು ಸಿಟ್ಟಾದರೂ ಸರಿ.